ಪೇಟೆಯ ಬಡವರ ಕೇರಿಯಲ್ಲಿ ರೈತನ ತಕ್ಕಡಿ ಯಾಕಿಲ್ಲ?



ಬೆಲೆ ಬಿದ್ದ ದಿನ ನಾವು ಟೊಮೇಟೊವನ್ನು ರಸ್ತೆಗೆ ಸುರಿಯುತ್ತೇವೆ. ಅದೇ ದಿನ, ಅಲ್ಲಿಂದ ನಲವತ್ತು ಮೈಲಿ ಆಚೆ, ಬೆಂಗಳೂರಿನ ಯಾವುದೋ ವಠಾರದಲ್ಲಿ ಕೂಲಿ ಮುಗಿಸಿ ಬಂದ ಹೆಣ್ಣುಮಗಳು ಕಾಲು ಕೆಜಿ ಟೊಮೇಟೊ ಕೊಳ್ಳೋದೋ ಬೇಡವೋ ಅಂತ ಲೆಕ್ಕ ಹಾಕುತ್ತಾ ನಿಂತಿರುತ್ತಾಳೆ. ಬೆಳೆದವನಿಗೆ ಬೆಲೆಯಿಲ್ಲ, ತಿನ್ನುವವನಿಗೆ ಎಟುಕೋದಿಲ್ಲ. ಇದು ದೇವರು ಮಾಡಿದ್ದಲ್ಲ, ಮಳೆ ಮಾಡಿದ್ದಲ್ಲ. ಮನುಷ್ಯರೇ ಮಾಡಿದ ಏರ್ಪಾಡು. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಮುರಿಯಬೇಕು.

ಬೆಲೆ, ಸಾಲ, ಕರ ಅಂತ ನಾವು ಬೀದಿಗೆ ಇಳಿದು ನಾಲ್ಕು ದಶಕದ ಮೇಲಾಯಿತು. ನರಗುಂದ, ನವಲಗುಂದದಲ್ಲಿ 1980ರಲ್ಲಿ ಗುಂಡು ತಿಂದವರೂ ನಾವೇ. ಆವತ್ತಿನಿಂದ ಇವತ್ತಿನ ತನಕ ನಮ್ಮ ಕೂಗು ವಿಧಾನಸೌಧದ ಕಡೆಗೇ ಇದೆ. ಇರಲಿ, ಆ ಕೂಗು ನಿಲ್ಲಬಾರದು. ಆದರೆ ನಾನು ಇವತ್ತು ನಿಮ್ಮನ್ನು ಕೇಳೋದು ಬೇರೆ ಮಾತು. ವಿಧಾನಸೌಧದ ಹಿಂದೆ, ಕಾರ್ಖಾನೆಗಳ ಹಿಂದೆ, ಮೋರಿ ಪಕ್ಕದಲ್ಲಿ ಇರುವ ಜನದ ಕಡೆಗೆ ನಾವು ಯಾವಾಗ ತಿರುಗಿ ನೋಡಿದ್ದೇವೆ? ಅವರ ಕೇರಿಯಲ್ಲಿ ನಮ್ಮ ತಕ್ಕಡಿ ಯಾಕಿಲ್ಲ?

ಹಗ್ಗದ ಎರಡು ತುದಿ

ಬೆಂಗಳೂರಿನಲ್ಲಿ ಎರಡು ಊರಿದೆ. ಒಂದು ಊರಿನಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ, ನೀರು ಚಿಮುಕಿಸಿದ ಸೊಪ್ಪು. ಈಗ ಅದೂ ಬೇಡ, ಫೋನಿನ ಮೇಲೆ ಬೆರಳು ಒತ್ತಿದರೆ ನಿಮಿಷಗಳಲ್ಲಿ ಹುಡುಗ ಬೈಕಿನಲ್ಲಿ ತಂದು ಬಾಗಿಲಿಗೆ ಕೊಡುತ್ತಾನೆ. ಇನ್ನೊಂದು ಊರು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಹಿಂದಿನ ವಠಾರಗಳದ್ದು, ಸ್ಲಂ ಬೋರ್ಡ್ ಮನೆಗಳದ್ದು, ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳದ್ದು. ಅಲ್ಲಿ ಮದ್ಯದಂಗಡಿಗೆ ಕಡಿಮೆಯಿಲ್ಲ. ಚಿಪ್ಸ್ ಪೊಟ್ಟಣ ತೋರಣ ಕಟ್ಟಿದ ಚಿಲ್ಲರೆ ಅಂಗಡಿ ಸಾಲಾಗಿ ಇವೆ. ತಾಜಾ ತರಕಾರಿ ಬೇಕೆಂದರೆ ಮಾತ್ರ ತಳ್ಳುಗಾಡಿ ಬರೋ ತನಕ ಕಾಯಬೇಕು. ಬಂದ ಗಾಡಿಯಲ್ಲಿ ಇರೋದು ಮಾರ್ಕೆಟ್ಟಿನಲ್ಲಿ ಆರಿಸಿ ಮಿಕ್ಕಿದ್ದು.

ಅಲ್ಲಿ ಯಾರೂ ಕೆಜಿಗಟ್ಟಲೆ ಕೊಳ್ಳೋದಿಲ್ಲ. ಫ್ರಿಜ್ ಇಲ್ಲ, ಕೈಯಲ್ಲಿ ನಾಳಿನ ದುಡ್ಡೂ ಇಲ್ಲ. ಕೆಜಿಗೆ ನಲವತ್ತು, ಕಾಲು ಕೆಜಿಗೆ ಹದಿನೈದು ಅನ್ನೋ ವ್ಯಾಪಾರ ನೀವೂ ಕೇಳಿರುತ್ತೀರಿ. ಹಾಗಂದರೆ ಏನಾಯಿತು? ಕಾರಿನಲ್ಲಿ ಬರುವವನಿಗೆ ನಲವತ್ತು, ನಡೆದು ಬರುವವಳಿಗೆ ಅರವತ್ತು. ಬಡವನಿಗೆ ಎಲ್ಲವೂ ತುಟ್ಟಿ ಅನ್ನೋದು ಬರೀ ಮಾತಲ್ಲ, ತಕ್ಕಡಿ ಹೇಳುವ ಸತ್ಯ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂತ್ರದಲ್ಲಿ ಆಳಿಗೆ ದಿನಕ್ಕೆ ಸೊಪ್ಪು, ತರಕಾರಿ ಸೇರಿ 400 ಗ್ರಾಂ ಬೇಕೆಂದು ಹೇಳಿದೆ. ಗಂಡ, ಹೆಂಡತಿ, ಎರಡು ಮಕ್ಕಳಿಗೆ, ಮಕ್ಕಳದ್ದು ಸ್ವಲ್ಪ ಕಡಿಮೆ ಹಿಡಿದರೂ, ದಿನಕ್ಕೆ ಒಂದೂವರೆ ಕೆಜಿ. ಯಾವ ವಠಾರದ ಒಲೆಯ ಮೇಲೆ ದಿನಕ್ಕೆ ಒಂದೂವರೆ ಕೆಜಿ ತರಕಾರಿ ಬೇಯುತ್ತದೆ, ನೀವೇ ಹೇಳಿ. ಅದರ ಫಲ ಸರ್ಕಾರದ ಪುಸ್ತಕದಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ಹೆಂಗಸರಲ್ಲಿ ನೂರಕ್ಕೆ 48ರ ಹತ್ತಿರ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಮೈಗೆ ರಕ್ತ ಹಿಡಿಸೋ ಸೊಪ್ಪು ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಇಲ್ಲ. ಆ ಸೊಪ್ಪು ನಮ್ಮ ಹೊಲದಲ್ಲಿ ಇದೆ.

ಆ ವಠಾರದಲ್ಲಿ ಇರೋರು ಯಾರು ಅಂದುಕೊಂಡಿರಿ? ಮಂಡ್ಯ, ರಾಮನಗರ, ತುಮಕೂರು, ರಾಯಚೂರು ಕಡೆಯಿಂದ ಹೋದ ನಮ್ಮ ಮಕ್ಕಳೇ. ಎರಡು ಎಕರೆಯಲ್ಲಿ ಬದುಕು ಸಾಗದೆ, ಬೋರ್‌ವೆಲ್ ಸಾಲ ತೀರದೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದವರು. 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಪಿಎಫ್ ಹಣ ತೆಗೆಯದಂತೆ ಕೇಂದ್ರ ಸರ್ಕಾರ ನಿಯಮ ತಂದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ಮುಖಂಡನ ಕರೆಯೂ ಇಲ್ಲದೆ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ದೆಹಲಿ ನಿಯಮ ವಾಪಸು ತೆಗೆದುಕೊಂಡಿತು. ನಾವು ಎಷ್ಟು ಸಲ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿ ಬರಿಗೈಲಿ ಬಂದಿದ್ದೇವೆ! ಇಂಥ ಜನವನ್ನು ನಾವು ‘ಪೇಟೆಯವರು’ ಅಂತ ಒಂದೇ ಮಾತಿನಲ್ಲಿ ಆಚೆ ತಳ್ಳಿ ಕೂತಿದ್ದೇವೆ. ಬೆಲೆ ಏರಿದಾಗ ಬಳಕೆದಾರನನ್ನು ನಮ್ಮ ಮೇಲೆ ಎತ್ತಿಕಟ್ಟುತ್ತಾರೆ, ಇಳಿದಾಗ ನಮಗೆ ಬಳಕೆದಾರನನ್ನು ತೋರಿಸಿ ಸುಮ್ಮನಾಗಿಸುತ್ತಾರೆ. ಒಂದೇ ಹಗ್ಗದ ಎರಡು ತುದಿಯನ್ನು ಇಬ್ಬರಿಗೂ ಕೊಟ್ಟು ಎಳೆದಾಡಿ ಅಂತ ಬಿಟ್ಟು, ನಡುವೆ ಕೂತವರು ಹಗ್ಗವನ್ನೇ ಮಾರಿಕೊಳ್ಳುತ್ತಿದ್ದಾರೆ.

ಇಪ್ಪತ್ತನಾಲ್ಕು ರೂಪಾಯಿ ಎಲ್ಲಿ ಹೋಯಿತು?

ಇದು ನನ್ನ ಬಾಯಿಮಾತಲ್ಲ. ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದು ಹೇಳುತ್ತದೆ: ಬಳಕೆದಾರ ಕೊಡುವ ಒಂದು ರೂಪಾಯಿಯಲ್ಲಿ ಟೊಮೇಟೊ ಬೆಳೆದವನ ಕೈಗೆ ಬರೋದು 33 ಪೈಸೆ, ಈರುಳ್ಳಿಯವನಿಗೆ 36 ಪೈಸೆ, ಆಲೂಗಡ್ಡೆಯವನಿಗೆ 37 ಪೈಸೆ. ಉತ್ತು, ಬಿತ್ತಿ, ಕೋಲು ನೆಟ್ಟು, ಔಷಧಿ ಹೊಡೆದು, ರಾತ್ರಿ ಕರೆಂಟಿಗೆ ಎದ್ದು ನೀರು ಕಟ್ಟಿದವನಿಗೆ ಮೂರರಲ್ಲಿ ಒಂದು ಪಾಲು. ಬೆಳೆ ಮುಖವನ್ನೇ ನೋಡದವರಿಗೆ ಎರಡು ಪಾಲು.

ಲೆಕ್ಕಕ್ಕೆ ಹಿಡಿಯಿರಿ. ವಠಾರದ ಹೆಣ್ಣುಮಗಳು ಕೆಜಿಗೆ 36 ರೂಪಾಯಿ ಕೊಟ್ಟಳು. ನಮಗೆ 12 ಬಂತು. ನಡುವೆ 24 ಹೋಯಿತು. ಎಲ್ಲಿ ಹೋಯಿತು? ಲಾರಿ ಬಾಡಿಗೆ, ಹಮಾಲಿ, ಕಮಿಷನ್, ಒಬ್ಬನಿಂದ ಇನ್ನೊಬ್ಬನಿಗೆ ಕೈ ಬದಲಾದ ಲಾಭ, ಕೊಳೆತದ್ದು, ಬಡ್ಡಿ. ಎಲ್ಲವೂ ಮೋಸ ಅಂತ ನಾನು ಹೇಳೋದಿಲ್ಲ. ಲಾರಿಗೆ ಡೀಸೆಲ್ ಬೇಕು, ಹಮಾಲನಿಗೂ ಹೊಟ್ಟೆಯಿದೆ. ಆದರೆ ಕಮಿಷನ್ನನ್ನು ಕೊಳ್ಳುವವನು ಕೊಡಬೇಕೇ ಹೊರತು ಬೆಳೆದವನಲ್ಲ ಅಂತ ಎಪಿಎಂಸಿ ಕಾನೂನು ಹೇಳಿದರೂ, ನನ್ನ ಮಾಲಿಗೆ ನೂರಕ್ಕೆ ಹತ್ತು ಮುರಿದುಕೊಂಡು ಬಿಳಿ ಚೀಟಿ ಕೈಗಿಟ್ಟ ಮಂಡಿಯವರನ್ನು ನಾನು ಕಂಡಿದ್ದೇನೆ. ನೀವೂ ಕಂಡಿದ್ದೀರಿ. ಕೇಳಿದರೆ, ‘ಬೇಡದಿದ್ದರೆ ಮಾಲು ಎತ್ತಿಕೊಂಡು ಹೋಗಿ’ ಅನ್ನುತ್ತಾರೆ. ಕೊಯ್ದ ಟೊಮೇಟೊ ಎತ್ತಿಕೊಂಡು ಎಲ್ಲಿಗೆ ಹೋಗೋದು? ಹೋಗೋದಕ್ಕೆ ಇನ್ನೊಂದು ಜಾಗ ಇಲ್ಲ ಅನ್ನೋದೇ ಅವರ ಬಂಡವಾಳ.

ಕೊಳೆಯೋದರ ಲೆಕ್ಕವೂ ಇದೆ. 2015ರಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು ಲೆಕ್ಕ ಹಾಕಿದಾಗ, ಟೊಮೇಟೊದಲ್ಲಿ ನೂರು ಕೆಜಿಗೆ 12 ಕೆಜಿಗೂ ಮಿಕ್ಕಿ ಕೊಯ್ಲಾದ ಮೇಲೆ ಹಾಳಾಗುತ್ತದೆ ಅಂತ ಸಿಕ್ಕಿತು. ಕೈ ಹೆಚ್ಚು ಬದಲಾದಷ್ಟೂ, ಇಳಿಸಿ ಹತ್ತಿಸಿದಷ್ಟೂ ಹಣ್ಣು ಜಜ್ಜುತ್ತದೆ. ಜಜ್ಜಿದ ಹಣ್ಣಿನ ಬೆಲೆಯನ್ನು ದಲ್ಲಾಳಿ ತನ್ನ ಜೇಬಿನಿಂದ ಕೊಡೋದಿಲ್ಲ. ಅರ್ಧ ನಮ್ಮ ತಲೆಗೆ, ಅರ್ಧ ಕೊಳ್ಳುವವಳ ತಲೆಗೆ.

ಈಗ ಆ 24 ರೂಪಾಯಿಯನ್ನು ಮೂರು ಪಾಲು ಮಾಡಿ. ಎಂಟು ನಮಗೆ: 12 ಇದ್ದದ್ದು 20 ಆಯಿತು. ಎಂಟು ಕೊಳ್ಳುವವಳಿಗೆ: 36 ಇದ್ದದ್ದು 28 ಆಯಿತು. ಮಿಕ್ಕ ಎಂಟು ಅಂಗಡಿ ನಡೆಸೋದಕ್ಕೆ. ದಿನಕ್ಕೆ ಒಂದೂವರೆ ಕೆಜಿ ಒಯ್ಯುವ ಸಂಸಾರಕ್ಕೆ ತಿಂಗಳಿಗೆ 360 ರೂಪಾಯಿ ಉಳಿಯಿತು. ಯಾರ ಹೊಟ್ಟೆಗೂ ಹೊಡೆಯದೆ, ಸರ್ಕಾರದ ಒಂದು ಪೈಸೆ ಸಬ್ಸಿಡಿ ಇಲ್ಲದೆ.

ಮಾಡಿದವರು ಇದ್ದಾರೆ, ಕೆಟ್ಟವರೂ ಇದ್ದಾರೆ

‘ಇದೆಲ್ಲ ಕನಸು’ ಅನ್ನೋರಿಗೆ ಒಂದು ಮಾತು. ಬೆಂಗಳೂರಿನ ಮೂಲೆ ಮೂಲೆಯಲ್ಲಿ ನಂದಿನಿ ಹಾಲು ಸಿಗುತ್ತದೆ. ಹಳ್ಳಿಯ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಒಂದು ಲೀಟರ್ ಹಾಕೋ ವಿಧವೆಯಿಂದ ಹಿಡಿದು ಎಲ್ಲರ ಹಾಲೂ ಅಲ್ಲಿಗೆ ಹೋಗುತ್ತದೆ. 1974ರ ಡೇರಿ ಯೋಜನೆ ಮುಂದೆ ಕೆಎಂಎಫ್ ಆಗಿ ಬೆಳೆದದ್ದು ಹೀಗೆ. ಅದರಲ್ಲೂ ಹುಳುಕಿದೆ, ರಾಜಕೀಯವಿದೆ, ಬಲ್ಲೆ. ಆದರೂ ಹಾಲಿನ ರೂಪಾಯಿಯಲ್ಲಿ ರೈತನ ಪಾಲು ತರಕಾರಿಯಷ್ಟು ಹೀನವಾಗಿಲ್ಲ. ಮೂರು ಗಂಟೆ ಬಿಟ್ಟರೆ ಒಡೆಯುವ ಹಾಲನ್ನೇ ಸಂಭಾಳಿಸಿದ ಜನಕ್ಕೆ ಮೂರು ದಿನ ಇರುವ ಬದನೆಕಾಯಿ ಭಾರವೇ?

ತರಕಾರಿಯಲ್ಲೂ ಆಗಿದೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರು ಅದರ ಬೆನ್ನಿಗೆ ನಿಂತಿದ್ದರು. ಬೆಲೆ ಬರೆದ ಹಲಗೆ, ಸರಿಯಾದ ತೂಕ, ಚೌಕಾಸಿಯಿಲ್ಲದ ವ್ಯಾಪಾರ. ಬೆಂಗಳೂರಿನವರಿಗೆ ಇದನ್ನೆಲ್ಲ ಕಲಿಸಿದ್ದು ಆ ಹಸಿರು ಮಳಿಗೆಗಳು. ಈಗ ಅವುಗಳ ಸ್ಥಿತಿ ನೋಡಿ. ರಸ್ತೆ ಅಗಲ ಮಾಡೋದಕ್ಕೆ, ಮೆಟ್ರೋಗೆ ಅಂತ ಎಷ್ಟೋ ಮಳಿಗೆ ಎದ್ದುಹೋದವು. ಉಳಿದವು ನಾನು ಕಂಡಷ್ಟು ಹೆಚ್ಚಾಗಿ ಪಾರ್ಕಿನ ಪಕ್ಕ, ಅನುಕೂಲಸ್ಥರ ಬಡಾವಣೆಯಲ್ಲಿ. ವಠಾರದ ಬಾಗಿಲಿಗೆ ಬಂದದ್ದು ಕಡಿಮೆ. ರೈತರ ಸಂಸ್ಥೆಯೂ ಬಡವರ ಕೇರಿಯನ್ನು ಬಿಟ್ಟು ನಡೆದರೆ, ದೊಡ್ಡ ಕಂಪನಿಯವರನ್ನು ಬೈದು ಏನು ಬಂತು?

ಪಕ್ಕದ ರಾಜ್ಯಗಳನ್ನು ನೋಡಿ. ಆಂಧ್ರದಲ್ಲಿ 1999ರ ಜನವರಿಯಲ್ಲಿ ರೈತು ಬಜಾರ್ ಶುರುವಾಯಿತು. ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನ ಮದುರೆಯಲ್ಲಿ ಉಳವರ್ ಸಂದೈ. ರೈತನಿಗೆ ಗುರುತಿನ ಚೀಟಿ, ಮಾರಲು ಜಾಗ, ದಿನದ ಬೆಲೆಯ ಹಲಗೆ. ಒಳ್ಳೆ ಕೆಲಸವೇ. ಆದರೆ 2001ರಲ್ಲಿ ತಮಿಳುನಾಡಿನಲ್ಲಿ ಸರ್ಕಾರ ಬದಲಾಯಿತು, ಸಂದೈಗಳು ಸೊರಗಿದವು. 2006ರಲ್ಲಿ ಮತ್ತೆ ಹಳೇ ಪಕ್ಷ ಬಂತು, ಮತ್ತೆ ಜೀವ ಬಂತು. ಸರ್ಕಾರ ಕೊಟ್ಟ ಅಂಗಡಿಯನ್ನು ಸರ್ಕಾರವೇ ಕಿತ್ತುಕೊಳ್ಳಬಹುದು. ನಾವು ಕಟ್ಟಿದ್ದನ್ನು ಕಿತ್ತುಕೊಳ್ಳೋದು ಅಷ್ಟು ಸುಲಭವಲ್ಲ.

ಸಾಹುಕಾರ ದೇಶ ಅಮೆರಿಕದಲ್ಲೂ ಇದೇ ಪಾಡು ಅಂದರೆ ನಂಬುತ್ತೀರಾ? ಅಲ್ಲಿ ಬಿಳಿಯರು ದೂರದ ಬಡಾವಣೆಗಳಿಗೆ ಹೋದ ಮೇಲೆ ದೊಡ್ಡ ಅಂಗಡಿಗಳೂ ಅವರ ಹಿಂದೆಯೇ ಹೋದವು. ಕರಿಯರ ಕೇರಿಯಲ್ಲಿ ಹೆಂಡದಂಗಡಿ ಉಳಿಯಿತು, ತರಕಾರಿ ಅಂಗಡಿ ಹೋಯಿತು. ಇಂಥ ಕೇರಿಗೆ ಅಲ್ಲಿನವರು ‘ಆಹಾರದ ಮರುಭೂಮಿ’ ಅಂತಲೇ ಹೆಸರಿಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ವೆಸ್ಟ್ ಓಕ್‌ಲೆಂಡ್ ಅನ್ನೋ ಕೇರಿಯಲ್ಲಿ 2009ರಲ್ಲಿ ಕೆಲಸಗಾರರೇ ಮಾಲೀಕರಾಗಿ ಮಂಡೇಲಾ ಹೆಸರಿನ ಸಣ್ಣ ಸಹಕಾರಿ ಅಂಗಡಿ ತೆರೆದರು. ಹತ್ತು ವರ್ಷ ದಾಟಿಯೂ ಅದು ನಡೆಯಿತು. ಅದೇ ಕೇರಿಯಲ್ಲಿ 2019ರಲ್ಲಿ ಒಳ್ಳೆ ಮನಸ್ಸಿನವರೇ ದೊಡ್ಡ ಬಂಡವಾಳ ಹೂಡಿ, ಸಾವಿರಾರು ಚದರಡಿಯ ದೊಡ್ಡ ಮಾರ್ಕೆಟ್ ಕಟ್ಟಿದರು. 2022ರಲ್ಲಿ ಬಾಗಿಲು ಹಾಕಿತು. ದೊಡ್ಡದಾಗಿ ಕಟ್ಟಿದರೆ ದಿನದ ಖರ್ಚೇ ಅಂಗಡಿಯನ್ನು ನುಂಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಅಜ್ಜಿಯರು ಹೇಳಿದ್ದು ಅಲ್ಲಿಗೂ ಸಲ್ಲುತ್ತದೆ.

ಅಂಗಡಿ ಹೇಗಿರಬೇಕು?

ಭಾಷಣ ಸಾಕು, ಲೆಕ್ಕಕ್ಕೆ ಬರೋಣ. ಇದು ಅಂದಾಜು ಲೆಕ್ಕ, ನಿಮ್ಮ ನಿಮ್ಮ ತಾಲ್ಲೂಕಿನಲ್ಲಿ ಕೂತು ತಿದ್ದಿಕೊಳ್ಳಿ.

ಐವತ್ತು ಜನ ರೈತರು ತಲೆಗೆ ನಾಲ್ಕು ಸಾವಿರ ಷೇರು ಹಾಕಿದರೆ ಎರಡು ಲಕ್ಷ. ತಿಂಗಳಿಗೆ ಹದಿನೈದು ಸಾವಿರ ಬಾಡಿಗೆಯ ಮಳಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಒಂದೂವರೆ ಲಕ್ಷ. ಮಿಕ್ಕ ಐವತ್ತು ಸಾವಿರದಲ್ಲಿ ತೂಕದ ಯಂತ್ರ, ಕ್ರೇಟು, ಹಲಗೆ, ಗೋಣಿ ತಟ್ಟು. ಬ್ಯಾಂಕಿನ ಮೆಟ್ಟಿಲು ಹತ್ತಬೇಡಿ. ಬೆಳೆ ಸಾಲದ ಕುತ್ತಿಗೆಗೆ ಅಂಗಡಿ ಸಾಲದ ಕಲ್ಲು ಕಟ್ಟಬೇಡಿ.

ದಿನದ ಖರ್ಚು: ಬಾಡಿಗೆ ಬಾಬ್ತು 500, ಇಬ್ಬರು ಕೆಲಸದವರಿಗೆ 1,200, ಊರಿನಿಂದ ಗಾಡಿ 1,200, ಕರೆಂಟು, ಚೀಲ, ಚಿಲ್ಲರೆ 200. ಒಟ್ಟು 3,100. ಇದು ಮಾರಿದರೂ ಉಂಟು, ಮಾರದಿದ್ದರೂ ಉಂಟು. ಕೆಟ್ಟುಹೋಗುವ ಮಾಲಿಗೆ ಕೆಜಿಗೆ ಒಂದು ರೂಪಾಯಿ ಹಿಡಿಯಿರಿ. ನಮ್ಮ ಎಂಟು ರೂಪಾಯಿಯಲ್ಲಿ ಏಳು ಉಳಿಯಿತು. ದಿನಕ್ಕೆ 500 ಕೆಜಿ ಮಾರಿದರೆ 3,500 ಬಂತು, ಖರ್ಚು ಕಳೆದು 400 ಉಳಿಯಿತು. 300 ಕೆಜಿ ಮಾರಿದರೆ ಬಂದದ್ದು 2,100, ದಿನಕ್ಕೆ ಸಾವಿರ ನಷ್ಟ. ನಷ್ಟವಿಲ್ಲದೆ ನಡೆಯೋಕೆ ದಿನಕ್ಕೆ ಸುಮಾರು 450 ಕೆಜಿ ಹೋಗಬೇಕು. ಅಂದರೆ ದಿನಕ್ಕೆ ಒಂದು ಕೆಜಿಯಂತೆ ಒಯ್ಯುವ 450 ಮನೆ ನಮ್ಮ ಅಂಗಡಿಯನ್ನು ತಮ್ಮದು ಅಂದುಕೊಳ್ಳಬೇಕು. ಆ 450 ಮನೆಯೇ ನಮ್ಮ ನಿಜವಾದ ಬಂಡವಾಳ. ಅಂಗಡಿ ತೆರೆಯೋ ಮುಂಚೆ ಮನೆ ಮನೆಗೆ ಹೋಗಿ ಬರಬೇಕು. ಏನು ಬೇಕು, ಎಷ್ಟು ಬೇಕು, ಎಷ್ಟು ಹೊತ್ತಿಗೆ ಬೇಕು ಕೇಳಬೇಕು. ಓಟು ಕೇಳೋಕೆ ಹೋಗೋರು ಹೋಗ್ತಾರೆ, ಊಟ ಕೇಳೋಕೆ ನಾವು ಹೋಗೋಣ.

ಬಾಗಿಲು ಯಾವಾಗ ತೆಗೆಯಬೇಕು? ಕಾರ್ಖಾನೆ ಬಿಟ್ಟ ಮೇಲೆ. ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತರ ತನಕ. ಬೆಳಿಗ್ಗೆ ಆರರಿಂದ ಎಂಟೂವರೆ. ನಡು ಮಧ್ಯಾಹ್ನ ತೆರೆದು ಕೂತರೆ ನೊಣ ಹೊಡೆಯಬೇಕಾಗುತ್ತದೆ. ಕಾಲು ಕೆಜಿಗೂ ಕೆಜಿಯ ದರವೇ. ಕೆಜಿ 28 ಆದರೆ ಕಾಲು ಕೆಜಿ 7 ರೂಪಾಯಿ, ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಪಕ್ಕದಲ್ಲೇ ಇನ್ನೊಂದು ಸಾಲು ಬರೆಯಿರಿ: ಇದರಲ್ಲಿ ಬೆಳೆದವನಿಗೆ ಎಷ್ಟು, ಅಂಗಡಿಗೆ ಎಷ್ಟು. ಇಂಥ ಹಲಗೆಯನ್ನು ಯಾವ ಕಂಪನಿಯೂ ಹಾಕೋದಿಲ್ಲ. ಅದೇ ನಮ್ಮ ಜಾಹೀರಾತು.

ಮಾಲು ನಾನಾ ಬಗೆಯದಿರಬೇಕು. ಒಂದು ಊರಿನ ಟೊಮೇಟೊ ಒಂದನ್ನೇ ಗುಡ್ಡೆ ಹಾಕಿದರೆ ಯಾರೂ ಬರೋದಿಲ್ಲ. ಸಾರಿಗೆ ಈರುಳ್ಳಿಯೂ ಬೇಕು, ಕೊತ್ತಂಬರಿಯೂ ಬೇಕು. ಚಳ್ಳಕೆರೆ ಕಡೆಯ ಈರುಳ್ಳಿ, ಹಾಸನದ ಆಲೂಗಡ್ಡೆ, ತಿಪಟೂರಿನ ತೆಂಗಿನಕಾಯಿ, ಬ್ಯಾಡಗಿಯ ಮೆಣಸಿನಕಾಯಿ, ಕೋಲಾರದ ಟೊಮೇಟೊ, ಬೆಂಗಳೂರು ಸುತ್ತಲಿನ ಸೊಪ್ಪು ಒಂದೇ ಮಳಿಗೆಗೆ ಬರಬೇಕು. ಆಗ ತಾಲ್ಲೂಕು ಸಂಘಗಳು ವರ್ಷಕ್ಕೊಮ್ಮೆ ಸಮಾವೇಶದಲ್ಲಿ ಕೈಕುಲುಕೋದು ಬಿಟ್ಟು ದಿನಾ ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಸಂಘಟನೆ ಅಂದರೆ ಅದೇ.

ಇನ್ನು ತಳ್ಳುಗಾಡಿಯವರು. ಅವರ ಹೊಟ್ಟೆಯ ಮೇಲೆ ಹೊಡೆದು ನಮ್ಮ ಅಂಗಡಿ ಏಳಬಾರದು. ನಸುಕಿನಲ್ಲಿ ಆಟೋ ಮಾಡಿಕೊಂಡು ಮಾರ್ಕೆಟ್ಟಿಗೆ ಹೋಗಿ ತರಕಾರಿ ತರೋ ಹೆಂಗಸೊಬ್ಬಳು ನನಗೆ ಹೇಳಿದ್ದು: ‘ಬೆಳಿಗ್ಗೆ ಒಂಬೈನೂರು ಕೈಗೆ ಕೊಡ್ತಾರಣ್ಣ, ಸಂಜೆ ಸಾವಿರ ಕೊಡಬೇಕು.’ ಮೀಟರ್ ಬಡ್ಡಿ ಅಂದರೆ ಇದೇ. ಒಂದು ದಿನಕ್ಕೆ ಒಂಬೈನೂರಕ್ಕೆ ನೂರು! ನಮ್ಮೂರ ಸಾಹುಕಾರನಿಗೂ ಇಷ್ಟು ಧೈರ್ಯವಿಲ್ಲ. ಕಿರುಸಾಲದವರ ಕಿರುಕುಳ ತಡೆಯೋಕೆ ಅಂತ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತಲ್ಲ, ಆ ಕಾಗದ ಇವಳ ತಳ್ಳುಗಾಡಿಯ ತನಕ ಬಂದಂತೆ ನನಗೆ ಕಾಣಲಿಲ್ಲ. ನಮ್ಮ ಮಳಿಗೆಯಿಂದಲೇ ಇವರಿಗೆ ಬೆಳಿಗ್ಗೆ ಸಗಟು ದರದಲ್ಲಿ ಮಾಲು ಕೊಡೋಣ, ಸಂಜೆ ದುಡ್ಡು ತಗೊಳ್ಳೋಣ, ಬಡ್ಡಿಯಿಲ್ಲದೆ. ಆಟೋ ಬಾಡಿಗೆ ಉಳಿಯಿತು, ನೂರು ರೂಪಾಯಿ ಉಳಿಯಿತು. ನಮಗೆ ದಿನಾ ಹೋಗುವ ಮಾಲು ಹೆಚ್ಚಿತು. ಹಳ್ಳಿ ಸಾಲ, ಪೇಟೆ ಸಾಲ ಅಂತ ಎರಡಿಲ್ಲ. ಒಂದೇ ಜಿಗಣೆ, ಎರಡು ಕಾಲು.

ನಮ್ಮವರ ಆಕ್ಷೇಪಣೆ

ಊರೂರಿನಲ್ಲಿ ಈ ಮಾತು ಎತ್ತಿದಾಗ ನಮ್ಮ ಗೆಳೆಯರೇ ಮೂರು ಆಕ್ಷೇಪಣೆ ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಒಂದು, ‘ನಾವು ರೈತರು, ಶೆಟ್ಟರಲ್ಲ.’ ಅಲ್ಲ ಸ್ವಾಮಿ, ಬೀಜದ ಅಂಗಡಿಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ದಿನಾ ವ್ಯಾಪಾರಕ್ಕೆ ಸಿಕ್ಕಿಕೊಂಡು ಸೋಲುತ್ತಿದ್ದೀರಿ. ಸೋಲೋ ವ್ಯಾಪಾರ ಆಗಬಹುದು, ಗೆಲ್ಲೋ ವ್ಯಾಪಾರ ಆಗಬಾರದೇ? ನಮ್ಮ ತಾಯಂದಿರು ಸಂತೆಗೆ ಮಂಕರಿ ಹೊತ್ತು ಹೋಗಿ ಕಾಯಿಪಲ್ಯ ಮಾರಿ ಮನೆ ನಡೆಸಿದವರು. ತಕ್ಕಡಿ ಹಿಡಿಯೋದು ಅವಮಾನ ಅಂತ ಕಲಿಸಿದವರು ಯಾರು?

ಎರಡು, ‘ಇದರಿಂದ ಬೆಲೆ ಹೋರಾಟ ತಣ್ಣಗಾಗುತ್ತದೆ. ಸರ್ಕಾರ ಕೈ ತೊಳೆದುಕೊಳ್ಳುತ್ತದೆ.’ ಇದು ತೂಕದ ಮಾತು. ಒಂದು ಅಂಗಡಿಯಿಂದ ರಾಜ್ಯದ ಟೊಮೇಟೊ ಮಾರಿಹೋಗೋದಿಲ್ಲ. ರಾಗಿಗೆ, ಜೋಳಕ್ಕೆ, ತೊಗರಿಗೆ ಬೆಂಬಲ ಬೆಲೆಯ ಹೋರಾಟ ಇದ್ದೇ ಇರುತ್ತದೆ. ಆದರೆ ಹೋರಾಟದ ಕಣದಲ್ಲಿ ನಾವು ಒಂಟಿಯಾಗಿ ನಿಂತಿದ್ದೇವೆ ಅನ್ನೋದು ಅಂಗೈ ಹುಣ್ಣಿನಷ್ಟು ಸ್ಪಷ್ಟ. ಈರುಳ್ಳಿ ಬೆಲೆ ಏರಿತು ಅಂತ ದೆಹಲಿ 2023ರ ಆಗಸ್ಟಿನಲ್ಲಿ ನೂರಕ್ಕೆ 40 ರಫ್ತು ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿತು. 2024ರ ಮೇ ತನಕ ನಿಲ್ಲಿಸಿತ್ತು. ಯಾರ ಹೆಸರಿನಲ್ಲಿ? ಪೇಟೆಯ ಬಡವರ ಹೆಸರಿನಲ್ಲಿ. ಆ ಬಡವರೇ ಎದ್ದು, ‘ನಮ್ಮ ಹೆಸರಿನಲ್ಲಿ ರೈತನ ಕುತ್ತಿಗೆ ಹಿಸುಕಬೇಡಿ, ನಡುವಿನ ಇಪ್ಪತ್ತನಾಲ್ಕು ರೂಪಾಯಿ ಲೆಕ್ಕ ಕೊಡಿ’ ಅಂದಿದ್ದರೆ? ಅನ್ನೋದಕ್ಕೆ ಅವರಿಗೆ ನಮ್ಮ ಗುರುತು ಬೇಕು. ಆ ಗುರುತು ಆಗೋದು ತಕ್ಕಡಿಯ ಮುಂದೆ, ವೇದಿಕೆಯ ಮೇಲಲ್ಲ.

ಮೂರನೆಯದು ಬಾಯಿಬಿಟ್ಟು ಹೇಳೋದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ‘ಬೆಲೆ ಏರಿದಾಗ?’ ಇದೇ ನಿಜವಾದ ಪ್ರಶ್ನೆ, ಇಲ್ಲೇ ಎಲ್ಲವೂ ಉಳಿಯೋದು ಇಲ್ಲವೇ ಮುಳುಗೋದು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೇಟೊ ಬಾಕ್ಸು ಎರಡು ಸಾವಿರ ದಾಟಿತು. ಸೆಪ್ಟೆಂಬರಿನ ಹೊತ್ತಿಗೆ ಕುಸಿಯಿತು. ಎರಡು ಸಾವಿರ ಕಂಡವರು ಎಷ್ಟು ಜನ? ಆ ಹದಿನೈದು ಇಪ್ಪತ್ತು ದಿನ ಯಾರ ಹೊಲದಲ್ಲಿ ಹಣ್ಣಿತ್ತೋ ಅವರು. ಅದನ್ನು ನೋಡಿ ಸಾಲ ಮಾಡಿ ನಾಟಿ ಹಾಕಿದವರು ಕುಸಿದ ಬೆಲೆಯ ಕೆಳಗೆ ಸಿಕ್ಕಿಕೊಂಡರು. ಇದು ಬೆಲೆಯಲ್ಲ, ಲಾಟರಿ.

ನಮ್ಮ ಅಂಗಡಿಗೆ ಲಾಟರಿ ಸಲ್ಲದು. ಬೆಳೆಯೋ ಖರ್ಚು, ಮನೆಯವರ ಕೂಲಿ, ಸ್ವಲ್ಪ ಲಾಭ ಸೇರಿಸಿ ಒಂದು ತಳದ ಬೆಲೆ ಕಟ್ಟೋಣ. ಮಂಡಿಯಲ್ಲಿ ಮೂರು ರೂಪಾಯಿ ಆದರೂ ಅಂಗಡಿ ಅದಕ್ಕಿಂತ ಕೆಳಗೆ ಕೊಡಬಾರದು. ಹಾಗೆಯೇ ಒಂದು ಮೇಲಿನ ಬೆಲೆಯನ್ನೂ ಕಟ್ಟೋಣ. ಮಂಡಿಯಲ್ಲಿ ನೂರಾ ಮೂವತ್ತು ಆದರೂ ಅಂಗಡಿಗೆ ಒಪ್ಪಿಕೊಂಡ ಮಾಲನ್ನು ರೈತ ಆ ಮೇಲಿನ ಬೆಲೆಗೇ ಕೊಡಬೇಕು. ಎಲ್ಲ ಮಾಲೂ ಅಲ್ಲ, ಹತ್ತು ಕ್ರೇಟಿನಲ್ಲಿ ಒಂದೋ ಎರಡೋ. ಮಿಕ್ಕದ್ದು ನಿಮ್ಮಿಷ್ಟ. ಇಳಿದಾಗ ಅಂಗಡಿಗೆ ತಂದು ಸುರಿಯೋದು, ಏರಿದಾಗ ಮಂಡಿಗೆ ಓಡೋದು ಮಾಡಿದರೆ ಅಂಗಡಿ ಮೂರು ತಿಂಗಳೂ ಬಾಳೋದಿಲ್ಲ. ಬಾಳಲೂಬಾರದು. ‘ದಲ್ಲಾಳಿ ಮೋಸಗಾರ’ ಅಂತ ಕೂಗಿದ ಬಾಯಿ ವಠಾರದ ಜನದ ಮುಂದೆ ಮುಚ್ಚಿಹೋಗುತ್ತದೆ. ಹಿಡುವಳಿದಾರ ಬಂಧುಗಳೇ, ನಮ್ಮ ಮಾತಿನ ಮರ್ಯಾದೆಯ ಪರೀಕ್ಷೆ ನಡೆಯೋದು ಬೆಲೆ ಬಿದ್ದ ದಿನವಲ್ಲ, ಏರಿದ ದಿನ.

ಸರ್ಕಾರಕ್ಕೆ ಒಂದು ಮಾತು

ಅದೇ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಏನು ಮಾಡಿತು ಗೊತ್ತಲ್ಲ? ನಾಫೆಡ್, ಎನ್‌ಸಿಸಿಎಫ್ ಮೂಲಕ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಿಂದ ಟೊಮೇಟೊ ಎತ್ತಿ, ದೆಹಲಿಯ ಬೀದಿಗಳಲ್ಲಿ ವ್ಯಾನಿನಲ್ಲಿ ಕೆಜಿಗೆ 90 ರೂಪಾಯಿಯಂತೆ ಮಾರಿಸಿತು. ಆಮೇಲೆ 80, ಆಮೇಲೆ 70. ಹೊಲದಿಂದ ನೇರ ಬೀದಿಗೆ ತರೋದು ಆಗದ ಕೆಲಸ ಅಂತ ವರ್ಷಗಟ್ಟಲೆ ಹೇಳಿದವರು ವಾರದೊಳಗೆ ಮಾಡಿ ತೋರಿಸಿದರು. ಎರಡು ತಿಂಗಳಿಗೆ ಬೆಲೆ ಬಿದ್ದಾಗ ಆ ವ್ಯಾನುಗಳು ಎಲ್ಲಿ ಹೋದವು? ಡೀಸೆಲ್ ಮುಗಿಯಿತೇ? ರೈತ ಸತ್ತರೆ ಓಡದ ವ್ಯಾನು, ಪೇಟೆಯಲ್ಲಿ ಕೂಗು ಎದ್ದರೆ ಓಡುತ್ತದೆ.

ನಾವು ಭಿಕ್ಷೆ ಕೇಳುತ್ತಿಲ್ಲ. ಕಾರ್ಪೊರೇಷನ್ನಿನ ಖಾಲಿ ಮಳಿಗೆ, ಸ್ಲಂ ಬೋರ್ಡ್ ವಸತಿಯ ಕೆಳಗಿನ ಖಾಲಿ ಕೋಣೆ ರೈತ ಸಂಘಗಳಿಗೆ ನ್ಯಾಯವಾದ ಬಾಡಿಗೆಗೆ ಸಿಗಲಿ. 2017ರಿಂದ ನಡೆಯುತ್ತಿರುವ ಇಂದಿರಾ ಕ್ಯಾಂಟೀನು, ಅಂಗನವಾಡಿ, ಹಾಸ್ಟೆಲುಗಳು ತಮ್ಮ ತರಕಾರಿಯನ್ನು ಕಂಟ್ರಾಕ್ಟರ ಕೈಯಿಂದ ಕೊಳ್ಳೋ ಬದಲು ಆ ಕೇರಿಯ ರೈತರ ಅಂಗಡಿಯಿಂದ ಕೊಳ್ಳಲಿ. ಅಷ್ಟಾದರೆ ನಮ್ಮ 450 ಕೆಜಿಯಲ್ಲಿ ಒಂದು ದೊಡ್ಡ ಪಾಲು ಅಲ್ಲೇ ಹೋಯಿತು. ಕೊಟ್ಟರೆ ಒಳ್ಳೇದು. ಕೊಡದಿದ್ದರೆ ನಮ್ಮ ನಾಲ್ಕು ಸಾವಿರದ ಷೇರು ಇದ್ದೇ ಇದೆ.

ಬಂಧುಗಳೇ, ಮುಂದಿನ ಅಮಾವಾಸ್ಯೆಯೊಳಗೆ ನಿಮ್ಮ ಊರಿನ ಕಟ್ಟೆಯಲ್ಲಿ ಕೂತು ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ನಮ್ಮಲ್ಲಿ ಷೇರು ಹಾಕೋರು ಎಷ್ಟು ಜನ? ವಾರಕ್ಕೆ ಯಾವ ಬೆಳೆ ಎಷ್ಟು ಕ್ರೇಟು ಕೊಡಬಲ್ಲೆವು? ಬೆಲೆ ಏರಿದ ದಿನವೂ ಮಾತು ಉಳಿಸಿಕೊಳ್ಳುತ್ತೇವೆ ಅಂತ ಹೆಸರು ಬರೆದು ಹೆಬ್ಬೆಟ್ಟು ಒತ್ತೋರು ಯಾರು? ಮೂರನೇ ಪ್ರಶ್ನೆಗೆ ಐವತ್ತು ಹೆಸರು ಸಿಗದಿದ್ದರೆ ಮೊದಲಿನ ಎರಡನ್ನು ಹರಿದು ಹಾಕಿ. ಸಿಕ್ಕರೆ, ತಾಲ್ಲೂಕು ಸಂಘದ ಕಚೇರಿಗೆ ಚೀಟಿ ಕಳಿಸಿ. ಒಂದೇ ಕೇರಿ, ಒಂದೇ ಅಂಗಡಿ, ಮೊದಲು ಅಷ್ಟೇ. ಹನಿ ಕೂಡಿದರೆ ಹಳ್ಳ.

ನಮ್ಮ ಬೆವರಿಗೆ ಬೆಲೆ ಕೇಳುವ ಹಕ್ಕು ನಮಗಿದೆ. ಅದನ್ನು ತಿನ್ನುವ ಹಕ್ಕು ಆ ಕೇರಿಯ ಮಕ್ಕಳಿಗೂ ಇದೆ. ಎರಡು ಹಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ. ತಕ್ಕಡಿ ಮಾತ್ರ ನಮ್ಮ ಕೈಯಲ್ಲಿರಲಿ.